ಗಂಭೀರ ಎಂದರೆ ಎಷ್ಟು ಅಡಿ

ವೆಂಕಟರಮಣಪ್ಪನವರ ಹೆಜ್ಜೆ ಮೂವತ್ತು ಇಂಚು. ಇದು ಯಾರೋ ಅಂದಾಜಿಗೆ ಹೇಳಿದ ಮಾತಲ್ಲ. ಅವರೇ ಒಂದು ಭಾನುವಾರ ಕಾರ್ಖಾನೆಯ ಅಂಗಳದಲ್ಲಿ ಸೀಮೆಸುಣ್ಣದ ಗೆರೆ ಎಳೆದು, ನೂರು ಹೆಜ್ಜೆ ನಡೆದು, ಟೇಪು ಹಿಡಿದು ಅಳೆದು, ನೂರರಿಂದ ಭಾಗಿಸಿ ಇತ್ಯರ್ಥ ಮಾಡಿದ ಸಂಗತಿ. ಅಂದಿನಿಂದ ಅವರು ಎಲ್ಲಿಗೆ ಹೋದರೂ ಎಣಿಸುತ್ತಲೇ ಹೋದರು. ಗೇಟಿನಿಂದ ಇನ್‌ಸ್ಪೆಕ್ಷನ್ ವಿಭಾಗಕ್ಕೆ ಇನ್ನೂರ ಆರು, ಅಲ್ಲಿಂದ ಕ್ಯಾಂಟೀನಿಗೆ ತೊಂಬತ್ತೆಂಟು. ಊಟ ಮಾಡಿ ಹಿಂದಿರುಗುವಾಗ ಅದೇ ದಾರಿ ನೂರಾ ಒಂದು, ಏಕೆಂದರೆ ತುಂಬಿದ ಹೊಟ್ಟೆ ಹೆಜ್ಜೆಯನ್ನು ಗಿಡ್ಡ ಮಾಡುತ್ತದೆ ಎಂಬುದು ಅವರ ಸಂಶೋಧನೆ. ನಡುದಾರಿಯಲ್ಲಿ ಯಾರಾದರೂ ನಮಸ್ಕಾರ ಎಂದರೆ ಉತ್ತರವಿಲ್ಲ. ಸ್ವಸ್ಥಾನ ತಲುಪಿ, ಮೊತ್ತವನ್ನು ಮನಸ್ಸಿನಲ್ಲಿ ಭದ್ರಪಡಿಸಿ, ಆಮೇಲೆ ತಿರುಗಿ ನಿಂತು, ಅಷ್ಟರಲ್ಲಿ ಅರ್ಧ ಫರ್ಲಾಂಗು ದಾಟಿರುತ್ತಿದ್ದ ಮನುಷ್ಯನ ಬೆನ್ನಿಗೆ ಸವಿನಯವಾಗಿ ಕೈಮುಗಿಯುತ್ತಿದ್ದರು. ಹೊಸಬರು ಇದನ್ನು ಅಹಂಕಾರ ಎಂದುಕೊಳ್ಳುತ್ತಿದ್ದರು. ಹಳಬರು, ಅಹಂಕಾರವೇ ಹೌದು, ಆದರೆ ಕಲಬೆರಕೆ ಇಲ್ಲದ್ದು ಎನ್ನುತ್ತಿದ್ದರು.

ಮಹದೇವಪುರ ದಾಟಿ ವೈಟ್‌ಫೀಲ್ಡ್ ಕಡೆಗೆ ಹೋಗುವ ರಸ್ತೆಯಲ್ಲಿದ್ದ ನಮ್ಮ ವಾಲ್ವ್ ಕಾರ್ಖಾನೆಯಲ್ಲಿ ಅವರು ಹಿರಿಯ ಇನ್‌ಸ್ಪೆಕ್ಟರು. ತಯಾರಾಗಿ ಬಂದ ಮಾಲಿಗೆ ಗೇಜು ಹಾಕಿ ನೋಡಿ, ಸರಿಯಿದ್ದರೆ ಹಸಿರು ಚುಕ್ಕೆ, ಇಲ್ಲವಾದರೆ ಕೆಂಪು ಚುಕ್ಕೆ ಇಡುವ ಅಧಿಕಾರ ಅವರದು. ಇಂಚಿನ ಸಾವಿರದ ಒಂದು ಪಾಲು ಹೆಚ್ಚಿದ್ದರೂ ಕೆಂಪೇ. ಖಾಕಿ ಕೋಟಿನ ಎಡಜೇಬಿನಲ್ಲಿ ಕೆಂಪು ಬಣ್ಣದ ಡಬ್ಬಿ, ಬಲಜೇಬಿನಲ್ಲಿ ಹಸಿರು. ಇಪ್ಪತ್ತೆರಡು ವರ್ಷಗಳ ಸೇವೆಯಲ್ಲಿ ಎಡಜೇಬು ಬಲಜೇಬಿಗಿಂತ ಎರಡಂಗುಲ ಕೆಳಗೆ ಜೋತುಬಿದ್ದಿತ್ತೆಂದರೆ ಅವರ ಒಲವು ಯಾವ ಕಡೆಗಿತ್ತೆಂದು ಬಿಡಿಸಿ ಹೇಳಬೇಕಾಗಿಲ್ಲ. ಏನು ಹೇಳಿದರೂ ಕೊನೆಗೆ “ಬರ್ಕೊಳ್ಳಿ” ಎಂದು ಸೇರಿಸುವುದು ಅವರ ರೂಢಿ. ಎದುರಿಗಿದ್ದವನ ಕೈಯಲ್ಲಿ ಪೆನ್ನಿದೆಯೋ ಇಲ್ಲವೋ ಎಂಬುದು ಅವರಿಗೆ ಮುಖ್ಯವಲ್ಲ. ಕ್ಷೌರದವನ ಮುಂದೆ ಕತ್ತು ಬಾಗಿಸಿ ಕೂತಾಗಲೂ, ಕಿವಿಯ ಮೇಲೆ ಅರ್ಧ ಇಂಚು, ಬರ್ಕೊಳ್ಳಿ, ಎಂದವರು.

ಇಂಥವರ ಕೈಗೆ ಗಾಲ್ಫ್ ಆಟದ ನಿಯಮಾವಳಿ ಸಿಕ್ಕಿದ್ದನ್ನು ದೈವೇಚ್ಛೆ ಎನ್ನದೆ ಬೇರೆ ದಾರಿಯಿಲ್ಲ. ಕಾರ್ಖಾನೆ ಕಟ್ಟಿದ ಇಂಗ್ಲಿಷ್ ಇಂಜಿನಿಯರುಗಳು ಮುಂದಿನ ವಿಸ್ತರಣೆಗೆಂದು ಕೊಂಡಿದ್ದ ಅರವತ್ತು ಎಕರೆಯಲ್ಲಿ ಒಂಬತ್ತು ಕುಳಿ ತೋಡಿ ಆಟವಾಡಿಕೊಂಡಿದ್ದು, ವಿಸ್ತರಣೆ ಬರುವ ಮೊದಲೇ ಹಡಗು ಹತ್ತಿದರು. ಹುಲ್ಲು ಬೆಳೆಸುವಷ್ಟು ನೀರು ನಮ್ಮಲ್ಲಿ ಎಲ್ಲಿಯದು? ಕುಳಿಯ ಸುತ್ತ ಮರಳಿಗೆ ಮೆಷಿನ್ ಶಾಪಿನ ಸುಟ್ಟ ಎಣ್ಣೆ ಕಲಸಿ ಹಾಸಿದ್ದರು. ಬೇರೆ ಊರುಗಳಲ್ಲಿ ಆ ಜಾಗಕ್ಕೆ ಗ್ರೀನ್ ಎನ್ನುತ್ತಾರಂತೆ, ನಮ್ಮಲ್ಲಿ ಅದು ಬ್ರೌನ್. ಆಡುವ ಅಧಿಕಾರಿಗಳ ಸಂಖ್ಯೆ ಕ್ಷೀಣಿಸಿದಾಗ, ಹತ್ತು ವರ್ಷ ಸರ್ವಿಸು ಪೂರೈಸಿದ ಯಾರೇ ಆಗಲಿ ಭಾನುವಾರ ಆಡಬಹುದು ಎಂದು ಎಪ್ಪತ್ತೈದರಲ್ಲಿ ಆದೇಶ ಹೊರಟಿತು. ಫೌಂಡ್ರಿಯಲ್ಲಿ ಅಚ್ಚು ಕಟ್ಟುವ ನಲ್ಲಪ್ಪ ಗುದ್ದಲಿ ಎತ್ತುವ ಹಾಗೆ ಕೋಲೆತ್ತಿ ಚೆಂಡನ್ನು ದಿಗಂತಕ್ಕೆ ಅಟ್ಟತೊಡಗಿದ್ದು ಆಗಲೇ. ವೆಂಕಟರಮಣಪ್ಪನವರೂ ಒಮ್ಮೆ ಕೋಲು ಬೀಸಿದರು. ಅದು ಚೆಂಡಿಗೆ ತಾಗಲಿಲ್ಲ. ತಾಗದಿದ್ದರೂ ಅದನ್ನು ಒಂದು ಹೊಡೆತವೆಂದೇ ಎಣಿಸತಕ್ಕದ್ದು ಎಂದು ತಾವೇ ತೀರ್ಪು ಕೊಟ್ಟು, ಕೋಲನ್ನು ಶಾಶ್ವತವಾಗಿ ಕೆಳಗಿಟ್ಟು, ನಿಯಮದ ಪುಸ್ತಕವನ್ನು ಕೈಗೆತ್ತಿಕೊಂಡರು.

ಆ ನೆಲಕ್ಕೂ ಅವರಿಗೂ ಬೇರೊಂದು ಸಂಬಂಧವಿತ್ತು. ಅರವತ್ತು ಎಕರೆಯಲ್ಲಿ ಅವರ ತಂದೆಯ ಎರಡೂವರೆ ಎಕರೆ ರಾಗಿಹೊಲವೂ ಸೇರಿಹೋಗಿತ್ತು. ಏಳನೇ ಕುಳಿಗೆ ಅಡ್ಡಲಾಗಿದ್ದ ನೀರಿನ ಕುಂಟೆ, ಅವರ ಮನೆಯ ಎಮ್ಮೆಗಳು ಹೊರಳಾಡಿದ್ದ ಕುಂಟೆ. ಹೊಲಕ್ಕೆ ಪ್ರತಿಯಾಗಿ ಬಂದದ್ದೇ ಅವರ ನೌಕರಿ. ಆದ್ದರಿಂದ ಅವರನ್ನು ಆಟದ ಸಮಿತಿಗೆ ಸೇರಿಸಿಕೊಂಡಾಗ, ತಂದೆಯ ಆಸ್ತಿ ನಿಯಮಾವಳಿಯ ರೂಪದಲ್ಲಿ ತಮಗೆ ವಾಪಸು ಬಂತೆಂಬ ಗಾಂಭೀರ್ಯ ಅವರ ಮುಖದಲ್ಲಿ ನೆಲೆಸಿತು. ಕುಳಿಯ ಅಗಲ ನಾಲ್ಕೂಕಾಲು ಇಂಚು ಇರಬೇಕೆಂದು ಪುಸ್ತಕದಲ್ಲಿದೆ ತಾನೆ? ಟೂಲ್ ರೂಮಿನಲ್ಲಿ ಅದಕ್ಕೊಂದು ಉಕ್ಕಿನ ಗೇಜು ತಿರುವಿಸಿಕೊಂಡು, ಪ್ರತಿ ಶನಿವಾರ ಒಂಬತ್ತು ಕುಳಿಗಳ ಮುಂದೆಯೂ ಮಂಡಿಯೂರಿ, ಲಿಂಗಕ್ಕೆ ಅಭಿಷೇಕ ಮಾಡುವವರ ಏಕಾಗ್ರತೆಯಿಂದ ಅದನ್ನು ಇಳಿಸಿ ನೋಡುತ್ತಿದ್ದರು.

ಅವರ ನ್ಯಾಯದಾನಕ್ಕೆ ಬಲಿಯಾದವರು ಹಲವರು. ಟೈಮ್ ಆಫೀಸಿನವನೊಬ್ಬ ಕಲ್ಲಿನ ಮಗ್ಗುಲಲ್ಲಿ ಬಿದ್ದ ಚೆಂಡನ್ನು ಬೂಟಿನ ತುದಿಯಿಂದ ಈಚೆಗೆ ಸರಿಸಿ, ಬೂಟು ತಾಗ್ತು ಅಷ್ಟೇ ಅಣ್ಣ ಎಂದಾಗ, ಬೂಟಿಗೆ ಸ್ವಂತ ಬುದ್ಧಿ ಇಲ್ಲವೆಂದು ತಿಳಿಹೇಳಿ ಎರಡು ಹೊಡೆತ ಸೇರಿಸಿದರು. ಕಾರ್ಖಾನೆಯ ಡಾಕ್ಟರು ಆರು ಹೊಡೆದದ್ದನ್ನು ಮರೆವಿನಿಂದ ಐದೆಂದು ಬರೆದು ರುಜು ಹಾಕಿದಾಗ, ಮರೆವು ಕಾಯಿಲೆಯಿರಬಹುದು, ರುಜು ಕಾಯಿಲೆಯಲ್ಲ ಎಂದು ಪಂದ್ಯದಿಂದಲೇ ಹೊರಹಾಕಿದರು. ಮುಂದಿನ ಆರು ತಿಂಗಳು ಡಾಕ್ಟರು ವೆಂಕಟರಮಣಪ್ಪನವರ ರಕ್ತದೊತ್ತಡವನ್ನು ಕೊಂಚ ಏರಿಸಿಯೇ ಓದಿದರೆಂದು ವದಂತಿ.

ಇಷ್ಟೆಲ್ಲ ಖಚಿತತೆಯ ನಡುವೆ ಒಂದೇ ಒಂದು ಮುಳ್ಳು ಅವರನ್ನು ಹತ್ತು ವರ್ಷ ಚುಚ್ಚಿತು. ತಪ್ಪು ಜಾಗದಿಂದ ಆಡಿದರೆ ಎರಡು ಹೊಡೆತದ ದಂಡ, ಸರಿ. ಆದರೆ ಆ ತಪ್ಪು ‘ಗಂಭೀರ’ವಾಗಿದ್ದರೆ, ಮುಂದಿನ ಕುಳಿಯ ಮೊದಲ ಹೊಡೆತಕ್ಕೆ ಮುಂಚೆ ಆಟಗಾರ ಹಿಂದಿರುಗಿ ಸರಿಯಾದ ಜಾಗದಿಂದ ಆಡಿ ಸರಿಪಡಿಸಿಕೊಳ್ಳಬೇಕು, ಇಲ್ಲವಾದರೆ ಪಂದ್ಯದಿಂದ ಹೊರಗೆ. ಗಂಭೀರ ಎಂದರೆ ಎಷ್ಟು ಅಡಿ? ಪುಸ್ತಕ ಹೇಳಿರಲಿಲ್ಲ. ಪುಸ್ತಕ ಅಚ್ಚು ಹಾಕಿಸಿದವರಿಗೇ ಏರ್‌ಮೇಲಿನಲ್ಲಿ ಕಾಗದ ಬರೆದರು. ಅದು ಆಯಾ ಸಮಿತಿಯ ವಿವೇಚನೆಗೆ ಬಿಟ್ಟದ್ದು ಎಂದು ಎರಡು ಸಾಲಿನ ಉತ್ತರ ಬಂತು. ಸಾವಿರದ ಪಾಲಿನಲ್ಲಿ ಬದುಕು ಸವೆಸಿದ ಮನುಷ್ಯನಿಗೆ ವಿವೇಚನೆ ಎಂಬ ಪದ, ಅಳತೆಪಟ್ಟಿ ಕೇಳಿದವನ ಕೈಗೆ ಹಗ್ಗ ಕೊಟ್ಟ ಹಾಗಾಯಿತು.

ಎಂಬತ್ತೈದರ ಜನವರಿಯ ವೇಳೆಗೆ ಅವರಿಗೆ ಐವತ್ತನಾಲ್ಕು. ನಮ್ಮಲ್ಲಿ ಇನ್‌ಸ್ಪೆಕ್ಟರಿಗೆ ಖಾಕಿ ಕೋಟು, ಫೋರ್ಮನ್ನಿಗೆ ಬಿಳಿ ಕೋಟು. ಮೂರು ವರ್ಷಗಳಿಂದ ಅವರು ಫೋರ್ಮನ್ನಿನ ಕೆಲಸವನ್ನು ಖಾಕಿ ಕೋಟಿನಲ್ಲೇ ಮಾಡುತ್ತಿದ್ದರು. ಬಡ್ತಿಯ ಫೈಲು ಎಲ್ಲ ಮೇಜುಗಳನ್ನೂ ದಾಟಿ ಜನರಲ್ ಮ್ಯಾನೇಜರರ ಮೇಜಿನ ಮೇಲೆ ಕೊನೆಯ ರುಜುವಿಗಾಗಿ ಕೂತಿತ್ತು. ದರ್ಜಿಯ ಹತ್ತಿರ ಬಿಳಿ ಡ್ರಿಲ್ ಬಟ್ಟೆಯ ಧಾರಣೆ ವಿಚಾರಿಸಿದ್ದೂ ಆಗಿತ್ತು. ಮ್ಯಾನೇಜರು ಮಾರ್ಚಿನಲ್ಲಿ ನಿವೃತ್ತರಾಗುವವರು. ಒಳ್ಳೆಯ ಮನುಷ್ಯ, ಮೃದುಭಾಷಿ, ಕೋಪ ಬಂದರೆ ಇಂಗ್ಲಿಷಿನಿಂದ ಕನ್ನಡಕ್ಕೆ ಇಳಿಯುವವರು. ಐದು ವರ್ಷ ಪ್ರಯತ್ನಿಸಿಯೂ ವಾರ್ಷಿಕ ಕಪ್ ಅವರ ಕೈಗೆ ದಕ್ಕಿರಲಿಲ್ಲ. ಇದು ಕೊನೆಯ ಅವಕಾಶ, ಮತ್ತು ಇಡೀ ಆಫೀಸು ಆ ಕಪ್ಪನ್ನು ಅವರ ಬೀಳ್ಕೊಡುಗೆಯ ಬಾಬ್ತೆಂದೇ ಮನಸ್ಸಿನಲ್ಲಿ ಬರೆದುಕೊಂಡಿತ್ತು.

ಪಂದ್ಯದ ದಿನ ಭಾನುವಾರ. ಒಂಬತ್ತು ಕುಳಿಗಳ ಎರಡು ಸುತ್ತು. ವೆಂಕಟರಮಣಪ್ಪನವರು ಕೊರಳಿಗೆ ಸೀಟಿ ಕಟ್ಟಿಕೊಂಡು, ತೀರ್ಪುಗಾರರಾಗಿ ಏಳನೇ ಕುಳಿಯ ಹೊಂಗೆಮರದ ಕೆಳಗೆ ನಿಂತಿದ್ದರು. ಎರಡನೇ ಸುತ್ತಿನಲ್ಲಿ ಮ್ಯಾನೇಜರ ಚೆಂಡು ಕುಂಟೆಗೆ ಬಿತ್ತು. ಹಾಗೆ ಬಿದ್ದರೆ ಒಂದು ಹೊಡೆತ ಲೆಕ್ಕಕ್ಕೆ ಹಿಡಿದು, ಬೇರೆ ಚೆಂಡನ್ನು ಕುಂಟೆಯ ಈಚೆಗೇ ಬಿಟ್ಟು, ನೀರಿನ ಮೇಲೆ ಮತ್ತೆ ಹಾರಿಸಬೇಕು. ಮ್ಯಾನೇಜರದು ಮೊದಲಿನಿಂದಲೂ ಬೇರೆ ಪದ್ಧತಿ: ಕುಂಟೆಯ ಏರಿಯನ್ನು ಬಳಸಿಕೊಂಡು ಆಚೆ ದಡಕ್ಕೆ ನಡೆದು, ಅಲ್ಲಿ ಚೆಂಡು ಬಿಟ್ಟು, ನಿರಾಳವಾಗಿ ಬ್ರೌನಿಗೆ ತಟ್ಟುವುದು. ಸಾಧಾರಣ ಭಾನುವಾರಗಳಲ್ಲಿ ಜೊತೆಯವರು ಆ ಹೊತ್ತಿಗೆ ಸರಿಯಾಗಿ ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದರು. ಅಂದೂ ಅವರ ಜೊತೆ ಆಡುತ್ತ ಲೆಕ್ಕ ಬರೆಯುತ್ತಿದ್ದ ಪರ್ಸೊನೆಲ್ ಆಫೀಸರ್ ಶ್ಯಾಮಣ್ಣನವರು ಲೇಸು ಕಟ್ಟಿಕೊಂಡರು. ಮ್ಯಾನೇಜರು ಆಚೆ ದಡದಿಂದ ಹೊಡೆದು, ಎರಡು ತಟ್ಟಿನಲ್ಲಿ ಕುಳಿಗೆ ಹಾಕಿ, ಎಂಟನೇ ಕುಳಿಗೆ ಮೊದಲ ಹೊಡೆತ ಹೊಡೆಯುವ ಕಟ್ಟೆಯತ್ತ ಹೊರಟರು.

ವೆಂಕಟರಮಣಪ್ಪನವರ ಸೀಟಿ ಬಾಯಿಗೆ ಬಂದಿತ್ತು. ಊದಿದ್ದರೆ ಮುಗಿಯುತ್ತಿತ್ತು, ಮ್ಯಾನೇಜರು ಹಿಂದಿರುಗಿ, ಸರಿಯಾದ ಜಾಗದಿಂದ ಆಡಿ, ನಾಲ್ಕಾರು ಹೊಡೆತ ಕಳೆದುಕೊಂಡಾದರೂ ಪಂದ್ಯದಲ್ಲಿ ಉಳಿಯುತ್ತಿದ್ದರು. ಆದರೆ ಅದೇ ಗಳಿಗೆಯಲ್ಲಿ ಬಿಳಿ ಡ್ರಿಲ್ ಬಟ್ಟೆ, ಅದರ ಗಂಜಿಯ ವಾಸನೆ ಸಮೇತ, ಅವರ ಕಣ್ಣ ಮುಂದೆ ಬಿಚ್ಚಿಕೊಂಡಿತು. ಅಭ್ಯಾಸಬಲದಿಂದ ಮ್ಯಾನೇಜರ ಹೆಜ್ಜೆಗಳನ್ನು ಎಣಿಸಿದರು. ಇಪ್ಪತ್ತು. ನಲವತ್ತು. ನಲವತ್ತೊಂದರಲ್ಲಿ ಮ್ಯಾನೇಜರು ನಿಂತು ಸಿಗರೇಟು ಹಚ್ಚಿದರು, ದೇವರೇ ಸಮಯ ಕೊಟ್ಟ ಹಾಗೆ. ಊದಲಿಲ್ಲ. ಐವತ್ತನಾಲ್ಕಕ್ಕೆ ಕಟ್ಟೆ ಸಿಕ್ಕಿತು, ಕೋಲು ಬೀಸಿತು, ಚೆಂಡು ಹಾರಿತು. ಆಗ ಊದಿದರು, ಶಿಫ್ಟ್ ಸೈರನ್ನನ್ನೂ ಮೀರಿಸುವ ಹಾಗೆ.

ಓಡಿಹೋಗಿ ವಿಷಯ ಹೇಳಿದಾಗ ಮ್ಯಾನೇಜರು ನಕ್ಕರು. “ಟೂ ಸ್ಟ್ರೋಕ್ಸ್ ತಾನೆ ಮಿಸ್ಟರ್ ರಮಣಪ್ಪ? ಹಾಕ್ಕೊಳ್ಳಿ,” ಎಂದು ಆಟ ಮುಂದುವರಿಸಿದರು. ಸುತ್ತ ನೆರೆದಿದ್ದ ಜನ ವೆಂಕಟರಮಣಪ್ಪನವರ ಧೈರ್ಯಕ್ಕೆ ಬೆರಗಾದರು. ಸೀಟಿ ಎಷ್ಟು ಹೊತ್ತಿಗೆ ಬಂತೆಂಬುದನ್ನು ಯಾರೂ ಗಮನಿಸಿರಲಿಲ್ಲ.

ಹನ್ನೊಂದಕ್ಕೆ ಆಟ ಮುಗಿಯಿತು. ಮ್ಯಾನೇಜರದು ತೊಂಬತ್ತೊಂದು, ಎರಡನೆಯವನಾದ ನಲ್ಲಪ್ಪನದು ತೊಂಬತ್ತನಾಲ್ಕು. ಕಡಿಮೆ ಹೊಡೆತದಲ್ಲಿ ಮುಗಿಸಿದವರದೇ ಗೆಲುವಾದ್ದರಿಂದ, ಎರಡು ಹೊಡೆತದ ದಂಡ ಸೇರಿದರೂ ಮ್ಯಾನೇಜರೇ ಗೆದ್ದಂತೆ. ತಪ್ಪು ಗಂಭೀರವೆಂದಾದರೆ ಕಪ್ ನಲ್ಲಪ್ಪನಿಗೆ. ಸಮಿತಿಯಲ್ಲಿ ಮೂವರು: ಅಧ್ಯಕ್ಷರು ಸ್ವತಃ ಮ್ಯಾನೇಜರೇ ಆದ್ದರಿಂದ ಅವರು ಹೊರಗುಳಿದರು, ಉಳಿದ ಶ್ಯಾಮಣ್ಣನವರು, ವೆಂಕಟರಮಣಪ್ಪನವರು, ಇಬ್ಬರ ರುಜುವೂ ಫಲಿತಾಂಶದ ಹಾಳೆಗೆ ಬೀಳಬೇಕು. ಶ್ಯಾಮಣ್ಣನವರು ಟೀ ತರಿಸಿದರು, ತಾವೇ ಸಕ್ಕರೆ ಕಲಕಿ ಕೊಟ್ಟರು.

“ನೋಡಿ, ಗಂಭೀರ ಅನ್ನೋದು ನಮ್ಮಿಬ್ರ ಕೈಯಲ್ಲೈತೆ. ಪುಸ್ತಕಾನೇ ಹಂಗಂತ ಹೇಳುತ್ತೆ ಅಂತ ನೀವೇ ಹತ್ತು ವರ್ಷದಿಂದ ಕೊರೀತಿದ್ದೀರ. ನಾನು ಗಂಭೀರ ಅಲ್ಲ ಅಂತೀನಿ, ನೀವೂ ಅನ್ನಿ. ಮಾರ್ಚೊಳಗೆ ಸಾಹೇಬ್ರು ಎಷ್ಟೋ ಕಾಗದಕ್ಕೆ ರುಜು ಹಾಕ್ಬೇಕು.”

ವೆಂಕಟರಮಣಪ್ಪನವರು ಟೀ ಮುಟ್ಟಲಿಲ್ಲ. ಸರಿಯಾದ ಜಾಗಕ್ಕೂ ಚೆಂಡು ಬಿಟ್ಟ ಜಾಗಕ್ಕೂ ಏರಿಯ ಮೇಲೆ ನಲವತ್ಮೂರು ಹೆಜ್ಜೆ, ಎಂದರೆ ನೂರಾ ಏಳೂವರೆ ಅಡಿ ಎಂದು ಅಳೆದು ಬಂದಿದ್ದರು; ಆದರೆ ನೂರಾ ಏಳೂವರೆ ಗಂಭೀರವೆಂದಾದರೆ ನೂರು ಏನು, ಐವತ್ತು ಏನು ಎಂಬ ಪ್ರಶ್ನೆಗೆ ಅವರಲ್ಲಿ ಗೇಜು ಇರಲಿಲ್ಲ. ನಾಲ್ಕು ಗಂಟೆಯ ಬಹುಮಾನ ಸಮಾರಂಭಕ್ಕೆ ಮುಂಚೆ ಹೇಳುತ್ತೇನೆಂದು ಎದ್ದರು. ಗೇಟಿನ ಬಳಿ ನಲ್ಲಪ್ಪ ಅಡ್ಡಗಟ್ಟಿದ.

“ಅಣ್ಣೋ, ನಂಗೆ ಕಪ್ ಬ್ಯಾಡ ಕಣಣ್ಣೋ. ಸಾಯೇಬ್ರನ್ನ ಸೋಲ್ಸಿದೋನು ಅಂತ ಎಸ್ರು ಬಂದ್ರೆ ಫೌಂಡ್ರೀಲಿ ಬದುಕಕ್ಕಾಯ್ತದಾ?”

“ನಿಂಗೆ ಬೇಕಾ ಅಂತ ಯಾರಯ್ಯ ಕೇಳಿದ್ರು?” ಎಂದು ವೆಂಕಟರಮಣಪ್ಪನವರು, ಎಣಿಕೆ ತಪ್ಪಿದ್ದಕ್ಕೆ ಸಿಡುಕುತ್ತ, ಗೇಟಿಗೆ ವಾಪಸು ಹೋಗಿ ಒಂದರಿಂದ ಶುರುಮಾಡಿದರು.

ಮನೆಯಲ್ಲಿ ಈಶ್ವರಮ್ಮನವರು ಅವರೆಕಾಳಿನ ಸಾರು ಮಾಡಿದ್ದರು. ಗಂಡನ ಗಾಲ್ಫಿನ ಬಗ್ಗೆ ಆಕೆಗಿದ್ದ ಅಭಿಪ್ರಾಯ ಬಹಳ ಸಂಕ್ಷಿಪ್ತವಾದದ್ದು. ರಾಗಿ ಬೆಳೆಯುವ ನೆಲದಲ್ಲಿ ತೂತು ಕೊರೆದು ಅದರೊಳಗೆ ಗೋಲಿ ಹುಡುಕುವವರ ವಿಚಾರ ಆಕೆ ಮಾತಾಡುತ್ತಿರಲಿಲ್ಲ. ಆದರೂ ಅಂದು, ಮುದ್ದೆ ಮುರಿಯದೆ ಕೂತ ಗಂಡ, ಹಿಂದೆ ಹೊಲದ ಗಡಿ ಒತ್ತಿದವನಿಗೆ ಊರಿನಲ್ಲಿ ಎಷ್ಟು ಅಡಿಗೆ ಎಷ್ಟು ದಂಡ ಹಾಕುತ್ತಿದ್ದರೆಂದು ಕೇಳಿದಾಗ, ಸೌಟು ಹಿಡಿದು ನಿಂತರು.

“ಅಡಿ ಲೆಕ್ಕ ಯಾವೋನ್ ನೋಡ್ತಿದ್ದ? ಒಂದ್ ಸಾಲು ಒತ್ತಿ ಉತ್ರೆ ಬೈದು ಬಿಡೋರು. ಗಡಿ ಕಲ್ಲೇ ಕಿತ್ತು ಆಚೀಕ್ ನೆಟ್ರೆ, ಗೇಣುದ್ದ ಆದ್ರೂ ಬಿಡ್ತಿರ್ಲಿಲ್ಲ. ಗಡೀನೇ ಇಲ್ಲ ಅಂದಂಗಲ್ವಾ ಅದು?” ಸಾರು ಬಡಿಸುತ್ತ ಸೇರಿಸಿದರು: “ಕೀಳೋದ್ ನೋಡ್ಕಂಡು ಬಾಯ್ ಮುಚ್ಕಂಡ್ ನಿಂತಿದ್ದೋನ್ಗೂ ಅಷ್ಟೇ ದಂಡ. ನಮ್ಮ ಚಿಕ್ಕಪ್ಪನ್ನ ಅಂಗೇ ಪಂಚಾಯ್ತಿ ಕಟ್ಟೆ ಮುಂದೆ ನಿಲ್ಸಿದ್ರು. ಉಣ್ರೀ, ಆರೋಯ್ತದೆ.”

ಹತ್ತು ವರ್ಷದ ಪ್ರಶ್ನೆಗೆ ಉತ್ತರ ಸಿಕ್ಕಿದ ಮನುಷ್ಯ ಹಿಗ್ಗಬೇಕಿತ್ತು. ಮೊದಲ ಮಾತಿಗೆ ಹಿಗ್ಗಿದರು ಕೂಡ. ದಂಡೆಯ ಮೇಲೆ ನಾಲ್ಕಡಿ ಆಚೀಚೆ ಚೆಂಡು ಬಿಟ್ಟಿದ್ದರೆ ಅದು ಸಾಲು ಒತ್ತಿದ ಹಾಗೆ. ಕುಂಟೆಯನ್ನೇ ಆಟದಿಂದ ತೆಗೆದುಹಾಕಿದ್ದು ಕಲ್ಲು ಕಿತ್ತ ಹಾಗೆ. ಎಷ್ಟು ಸರಳ! ಎರಡನೇ ಮಾತು ಕಿವಿಗೆ ಇಳಿದ ಮೇಲೆ ಮಾತ್ರ ಮುರಿದ ಮುದ್ದೆಯನ್ನು ತಟ್ಟೆಗೇ ಇಟ್ಟು ಎದ್ದರು. ಮೂರು ಗಂಟೆಯವರೆಗೆ ಜಗಲಿಯ ಮೇಲೆ ಕೂತು ಒಂದು ಹಾಳೆ ಬರೆದರು, ಹರಿದರು, ಮತ್ತೆ ಬರೆದರು. ಕೊನೆಗೆ, ಭಾನುವಾರವಾದರೂ, ಖಾಕಿ ಕೋಟಿಗೆ ಇಸ್ತ್ರಿ ಮಾಡಿಸಿ ತೊಟ್ಟರು.

ಕ್ಯಾಂಟೀನಿನಲ್ಲಿ ಜಮಖಾನ ಹಾಸಿತ್ತು, ಮೇಜಿನ ಮೇಲೆ ಕಪ್, ಪಕ್ಕದಲ್ಲಿ ಸೇವಂತಿಗೆ ಹಾರ. ಶ್ಯಾಮಣ್ಣನವರು ಆಗಲೇ ರುಜು ಹಾಕಿದ್ದ ಹಾಳೆಯನ್ನು ಮುಂದೆ ಚಾಚಿದರು. ವೆಂಕಟರಮಣಪ್ಪನವರು ಅದನ್ನು ಮಡಚಿ ಎಡಜೇಬಿಗೆ ಇಳಿಬಿಟ್ಟು, ತಮ್ಮ ಹಾಳೆ ಬಿಚ್ಚಿ, ನೂರಾರು ಜನರ ಮುಂದೆ ಓದತೊಡಗಿದರು. ಕುಂಟೆಯನ್ನು ದಾಟದೆ ಏಳನೇ ಕುಳಿಯನ್ನು ಆಡಿದ್ದು ಆಡಿದ ಹಾಗಲ್ಲ, ತಪ್ಪು ಗಂಭೀರವಾದದ್ದು, ಆಟಗಾರರು ಪಂದ್ಯದಿಂದ ಹೊರಗೆ. ಶ್ಯಾಮಣ್ಣನವರು ಕೋಟಿನ ತುದಿ ಹಿಡಿದು ಕೂರಿಸಲು ಎಳೆದರು. ಅವರು ಎಳೆದಷ್ಟೂ ಇವರು ಉದ್ದವಾದರು.

“ಇನ್ನೊಂದಿದೆ. ಮುಂದಿನ ಹೊಡೆತಕ್ಕೆ ಮುಂಚೆ ತಿದ್ದಿಕೊಳ್ಳೋ ಹಕ್ಕು ಆಟಗಾರರಿಗಿತ್ತು. ಐವತ್ನಾಲ್ಕು ಹೆಜ್ಜೆ ದೂರದವರೆಗೂ ತೀರ್ಪುಗಾರ ಸೀಟಿ ಬಾಯಲ್ಲಿಟ್ಕೊಂಡು ಸುಮ್ನಿದ್ದ. ಸ್ವಾರ್ಥಕ್ಕೆ ಸುಮ್ನಿದ್ದ. ಇದೂ ಗಂಭೀರ ತಪ್ಪೇ. ಇವತ್ತಿಂದ ಒಂದು ವರ್ಷ ವೆಂಕಟರಮಣಪ್ಪ ಸಮಿತೀಲಿ ಇರಕೂಡದು, ಮೈದಾನಕ್ಕೆ ಕಾಲಿಡಕೂಡದು. ಬರ್ಕೊಳ್ಳಿ.”

ಬರೆದುಕೊಳ್ಳಲು ಯಾರಿಗೂ ಕೈ ಬರಲಿಲ್ಲ. ಮ್ಯಾನೇಜರು ನಿಧಾನವಾಗಿ ಎದ್ದರು. ಮುಖ ಕೆಂಪಾಗಿತ್ತು. ಕನ್ನಡದಲ್ಲೇ ಮಾತಾಡಿದರು.

“ನೀವು ಊದಿದ್ದರೆ ನಾನು ವಾಪಸ್ ಹೋಗ್ತಿದ್ದೆ ಅಂತೀರಾ?”

“ಗೊತ್ತಿಲ್ಲ ಸಾರ್. ಹೋಗೋದು ಬಿಡೋದು ನಿಮ್ಮದು. ಅದನ್ನ ನಾನು ಕಿತ್ಕೊಂಡ್ಬಿಟ್ಟೆ.”

ಮ್ಯಾನೇಜರು ಆ ಹಾಳೆಯನ್ನು ಎರಡು ಸಲ ಓದಿದರು. ಜೇಬಿನಿಂದ ಪೆನ್ನು ತೆಗೆದು, ಅಧ್ಯಕ್ಷರ ಜಾಗದಲ್ಲಿ, ಎರಡು ತೀರ್ಮಾನಗಳ ಕೆಳಗೂ ರುಜು ಹಾಕಿದರು. ಆಮೇಲೆ ಕಪ್ಪನ್ನೆತ್ತಿ ನಲ್ಲಪ್ಪನ ಕೈಗಿಟ್ಟರು. ಕುದಿಯುವ ಕಬ್ಬಿಣ ಹೊತ್ತು ಪಳಗಿದವನು ಅದನ್ನು ಟವೆಲಿನಲ್ಲಿ ಸುತ್ತಿ ಹಿಡಿದುಕೊಂಡ.

ಬಡ್ತಿಯ ಫೈಲಿಗೆ ಮಾತ್ರ ರುಜು ಬೀಳಲಿಲ್ಲ. ಮ್ಯಾನೇಜರು ಮಾರ್ಚಿನಲ್ಲಿ ಹೊರಟುಹೋದರು. ಅದು ಸೇಡೋ, ಕೊನೆಯ ದಿನಗಳ ಗಡಿಬಿಡಿಯೋ, ಯಾರಿಗೂ ತಿಳಿಯದು. ಸೇಡು ಎಂದವರ ಮೇಲೆ ವೆಂಕಟರಮಣಪ್ಪನವರು ರೇಗುತ್ತಿದ್ದರು. ತೀರ್ಪುಗಾರನಾಗಿ ಬಾಯಿ ಮುಚ್ಚಿಕೊಂಡವನಿಗೆ ತಾವಾಗಿದ್ದರೂ ರುಜು ಹಾಕುತ್ತಿರಲಿಲ್ಲ ಎನ್ನುತ್ತಿದ್ದರು. ಅವರ ಊರಿನಿಂದ ಕಾರ್ಖಾನೆಗೆ ಆಟದ ಮೈದಾನದ ನಡುವಿನ ಕಾಲುದಾರಿಯೇ ಹತ್ತಿರ. ಒಂದು ವರ್ಷ, ಮಳೆಗಾಲದಲ್ಲೂ, ಬೇಲಿಯ ಹೊರಗಿನ ಕೆಸರುದಾರಿ ಬಳಸಿಕೊಂಡು ಬಂದರು. ಹೊಸ ಮ್ಯಾನೇಜರು ಕರೆಸಿ, ಅದೆಲ್ಲ ಯಾರಿಗೂ ನೆನಪಿಲ್ಲ, ಬಂದು ಸಮಿತಿ ಸೇರಿಕೊಳ್ಳಿ ಎಂದಾಗ, ಇನ್ನೂ ಎಪ್ಪತ್ತೊಂದು ದಿನ ಬಾಕಿ ಇದೆ ಎಂದು ತಿಳಿಸಿ ನಮಸ್ಕಾರ ಹೇಳಿ ಬಂದರು. ಬಿಳಿ ಕೋಟು ಕೊನೆಗೆ ಸಿಕ್ಕಿತು, ಸೇವೆಯ ಕಟ್ಟಕಡೆಯ ಎಂಟು ತಿಂಗಳಿಗೆ, ಭುಜದಲ್ಲಿ ಒಂದು ಸೈಜು ದೊಡ್ಡದು.

ಇಂಥವರ ಜೊತೆ ಪ್ರಯಾಣ ಕಷ್ಟ, ಇಸ್ಪೀಟು ಅಸಾಧ್ಯ, ಮದುವೆಮನೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಸಿಕ್ಕರಂತೂ ಹೋಳಿಗೆಯ ವ್ಯಾಸದ ಮೇಲೆ ಉಪನ್ಯಾಸ ತಪ್ಪದು. ನಾವು ಅವರನ್ನು ಕಂಡು ನಗುತ್ತೇವೆ. ನಗದಿದ್ದರೆ ಅವರನ್ನು ಸಹಿಸಿಕೊಳ್ಳುವುದು ಹೇಗೆ? ನಿಯಮ ಬಲ್ಲವರಿಗೆ ಲೋಕದಲ್ಲಿ ಬರವಿಲ್ಲ, ಅದನ್ನು ಪರರ ಬೆನ್ನ ಮೇಲೆ ಪ್ರಯೋಗಿಸುವವರಿಗೆ ಮೊದಲೇ ಇಲ್ಲ. ಆದರೆ ದೊಡ್ಡ ತಪ್ಪುಗಳನ್ನು ಮಾಡುವವರು ಎಲ್ಲ ಕಾಲದಲ್ಲೂ ಕೆಲವರೇ. ಅವು ನಡೆಯುವಾಗ ಹತ್ತಿರದಲ್ಲಿ ಬಾಗಿ ಲೇಸು ಕಟ್ಟಿಕೊಂಡವರೇ ಬಹಳ ಮಂದಿ. ಲೋಕ ಮೊದಲಿನವರನ್ನು ಮಾತ್ರ ಕರೆದು ಕೇಳುತ್ತದೆ, ಅದೂ ಧೈರ್ಯವಿದ್ದಾಗ. ಈ ಜಾತಿಯ ಮನುಷ್ಯರು, ಯಾರೂ ಕರೆಯದಿದ್ದರೂ, ಎರಡನೆಯವರ ಗುಂಪಿನಿಂದ ತಾವಾಗಿ ಎದ್ದು ಮುಂದೆ ಬಂದು ನಿಲ್ಲುತ್ತಾರೆ. ಹಾಗೆ ನಿಂತು, ಕೂತಿರುವ ನಮ್ಮೆಲ್ಲರ ನೆಮ್ಮದಿ ಕೆಡಿಸುತ್ತಾರೆ.